‘ಬ್ಯಾಕಿಂಗ್’ ಆಲ್ಬಮ್ಮಿನ ಒಬ್ಬನೇ ಅಭಿಮಾನಿ

ಸೊರ್ರನೆ ಹೀರಿದ್ದು ತನ್ಮಯ್ ಇರಬೇಕು, ಬೇರೆ ಯಾರೂ ಎಮ್ಮೆ ನೀರು ಕುಡಿದ ಹಾಗೆ ಹೀರುವುದಿಲ್ಲ, ಮೂಡಿಗೆರೆಯಲ್ಲಿ ಗುಡ್ಡದಿಂದ ಗುಡ್ಡಕ್ಕೆ ಎಸ್ಟೇಟು ಇರುವ ಮನೆಯ ಹುಡುಗ, ಒಂದು ಚಮಚ ಕಾಫಿ ಹೀರಲು ಬಾರದು, ಎಂದು ಧರ್ಮೇಶ್ ಕಣ್ಣು ಮುಚ್ಚಿಕೊಂಡೇ ಅಂದುಕೊಂಡ, ಚಮಚ ತುಟಿಗೆ ತಾಗಿದ ಕೂಡಲೇ ಗಾಳಿಯೂ ಕಾಫಿಯೂ ಒಟ್ಟಿಗೆ ಅಂಗುಳಕ್ಕೆ ಬಡಿಯಬೇಕು, ನಾಲಿಗೆಯ ಬುಡದಲ್ಲಿ ಒಂದು ಗಳಿಗೆ ನಿಲ್ಲಬೇಕು, ಆಮೇಲೆ ಉಗಿಯಬೇಕು — ನುಂಗುವ ಹಾಗಿಲ್ಲ, ಕಾಫಿಯ ರುಚಿ ನೋಡುವ ಈ ಕಪ್ಪಿಂಗ್ ರೂಮಿನಲ್ಲಿ ಯಾರೂ ನುಂಗುವ ಹಾಗಿಲ್ಲ, ನುಂಗಿದವನ ನಾಲಿಗೆ ಮುಂದಿನ ಲೋಟಕ್ಕೆ ಸುಳ್ಳು ಹೇಳುತ್ತದೆ — ಕಾಫಿ ಬೀಜ ಸಂಸ್ಕರಿಸುವ ಈ ಕ್ಯೂರಿಂಗ್ ವರ್ಕ್ಸಿನ ಹೆಡ್ ಟೇಸ್ಟರ್ ಆಗಿ ಅವನು ಹೊಸಬರಿಗೆಲ್ಲ ಹೇಳಿಕೊಡುವ ಮೊದಲ ಪಾಠವೇ ಅದು. ಸ್ಪಿಟೂನಿಗೆ ತನ್ಮಯ್ ಉಗಿದ, ಫಾರಿಸ್ ಉಗಿದ, ಕೃತಿಕಾ ಸದ್ದಾಗದ ಹಾಗೆ ಉಗಿದಳು, ಅವಳು ಧರ್ಮೇಶನ ಕೈಕೆಳಗೇ ಕಲಿತವಳು, ಇನ್ನೊಂದು ಸದ್ದಿಗೆ ಕಾದರೆ ಅದು ಬರಲಿಲ್ಲ, ವಿಶ್ವನಾಥ್ ಸರ್ ಲೋಟ ಮುಟ್ಟಿಯೇ ಇಲ್ಲ, ಕಣ್ಣು ತೆರೆದು ನೋಡಬೇಕೆ, ಬೇಡ, ನೋಡಿದರೆ ಅವರೂ ನೋಡುತ್ತಾರೆ, ಬೆಳಿಗ್ಗೆ ಬಂದಾಗಿನಿಂದ ಅವರು ನೋಡುತ್ತಲೇ ಇದ್ದಾರೆ. ಭಾನುವಾರ, ಹೊರಗೆ ಯಂತ್ರಗಳು ಬಾಯಿ ಮುಚ್ಚಿಕೊಂಡಿವೆ, ಬೀಜ ಆರಿಸುವ ಹೆಂಗಸರ ಮಾತಿಲ್ಲ, ಬೀಗದ ಕೈ ಧರ್ಮೇಶನ ಜೇಬಿನಲ್ಲಿ, ನಡುವೆ ತಿರುಗುವ ದುಂಡು ಮೇಜು, ಮೇಜಿನ ಸುತ್ತ ಲೋಟಗಳು, ಲೋಟಗಳ ನಡುವೆ ಒಂದು ಸ್ಪೀಕರು, ಇನ್ನೊಂದು ಹಾಡು ಉಳಿದಿದೆ, ಕಣ್ಣು ಮುಚ್ಚಿ, ಎಂದು ಅವನೇ ಹೇಳಿದ್ದು. ಯಾಕೆ ಹೇಳಿದೆ? ಜಗಳ ಆಗಲೇ ಮುಗಿದಿದೆ, ಅವನೇ ಗೆದ್ದಿದ್ದಾನೆ, ಗೆದ್ದವನು ಎದ್ದು ಬೀಗ ಹಾಕಿ ಮನೆಗೆ ಹೋಗಬಹುದಿತ್ತು.

ಜಗಳವಾದರೂ ಎಂಥದ್ದು, ವಿಶ್ವನಾಥರ ‘ಬ್ಯಾಕಿಂಗ್’ ಒಳ್ಳೆಯ ಆಲ್ಬಮ್ಮೋ ಅಲ್ಲವೋ, ಅಷ್ಟೇ, ಅದಕ್ಕಾಗಿ ಹದಿನೈದು ವರ್ಷ. ಮಳೆಗಾಲದಲ್ಲಿ ಕಾಫಿ ಎಲೆಯನ್ನು ಕಪ್ಪಾಗಿಸಿ ಉದುರಿಸುವ ರೋಗದ ಹೆಸರನ್ನೇ ತನ್ನ ಬ್ಯಾಂಡಿಗೆ ಇಟ್ಟ ಮನುಷ್ಯ, ‘ಕೊಳೆರೋಗ’, ಕಳಸದ ಕಡೆಯ ಪ್ಲಾಂಟರ್ ಮನೆಯಲ್ಲಿ ಹುಟ್ಟಿ ಪ್ಲಾಂಟರುಗಳನ್ನೇ ಬೈದು ಹಾಡಿದ ಪಂಕ್ ಹಾಡುಗಾರ, ಗಿಟಾರಿನ ಮೂರೇ ಕಾರ್ಡು, ಎರಡು ನಿಮಿಷ, ಬಾಯಿ ತುಂಬ ಬೈಗುಳ, ಮುಗಿಯಿತು — ಚಿಕ್ಕಮಗಳೂರಿನ ಕಾಲೇಜು ಮೈದಾನದಲ್ಲಿ ಹುಡುಗ ಧರ್ಮೇಶ್ ವೇದಿಕೆಗೆ ಎದೆ ಒತ್ತಿ ನಿಂತಿದ್ದಾನೆ, ಮೇಲೆ ಅವರು ತಲೆ ಹಿಂದಕ್ಕೆ ಎಸೆದು ಕಿರುಚುತ್ತಿದ್ದಾರೆ, ಕೆಳಗಿನಿಂದ ಮುಖ ಕಾಣುವುದಿಲ್ಲ, ಗಂಟಲು ಮಾತ್ರ ಕಾಣುತ್ತದೆ, ಗಂಟಲಿನ ಉಬ್ಬು ಏರುತ್ತದೆ, ಇಳಿಯುತ್ತದೆ, ಚೀಲದೊಳಗೆ ಕಟ್ಟಿದ ಕೋಳಿಯ ಹಾಗೆ ಒದ್ದಾಡುತ್ತದೆ, ನೋಡುತ್ತ ನೋಡುತ್ತ ಹುಡುಗನಿಗೆ ಅಳು ಬಂದಿತ್ತು. ಆಮೇಲೆ ಬ್ಯಾಂಡು ಒಡೆಯಿತು, ಎಲ್ಲರೂ ಮರೆತರು, ಮರೆತ ಮೇಲೆ ‘ಬ್ಯಾಕಿಂಗ್’ ಬಂತು, ಹಾರ್ಡ್ ರಾಕ್, ಉದ್ದುದ್ದ ಗಿಟಾರು, ನಿಧಾನವಾಗಿ ಏರುವ ಡ್ರಮ್ಮು, ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗೆ ಅರಳಿದ ಮೇಲೆ ಇನ್ನೊಂದು ಮಳೆ ಬೇಕು, ಆ ಎರಡನೆಯದೇ ಬ್ಯಾಕಿಂಗ್, ಅದು ಬಾರದಿದ್ದರೆ ಹೂವು ಕರಟಿ ಹೋಗುತ್ತದೆ, ಕಾಯಿ ಕಟ್ಟುವುದಿಲ್ಲ, ಆಲ್ಬಮ್ಮಿನ ಗತಿಯೂ ಅದೇ ಆಯಿತು. ಒಂದು ಸಲ ಕೇಳಿದರು, ಹದಿನೈದು ವರ್ಷ ಬೈದರು. ಬಣಕಲ್ಲಿನಲ್ಲಿ ಗ್ಯಾರೇಜು ಇಟ್ಟ ಫಾರಿಸ್ ಅಂತೂ ಕೊಳೆರೋಗದ ಟೀ ಶರ್ಟನ್ನು ಗ್ರೀಸ್ ಒರೆಸುವ ಬಟ್ಟೆ ಮಾಡಿಕೊಂಡ, ಪಂಕ್ ಹಾಡ್ದೋರು ವಯಸ್ಸಾದ ಮೇಲೆ ಕೂದಲು ಬಿಟ್ಕಂಡು ಸೋಲೋ ಬಾರಿಸಿದ್ರೆ ಅದನ್ನ ಎಂತ ಅಂತಾರೆ ಗೊತ್ತುಂಟಾ ಮಾರಾಯ, ರಿಟೈರ್‌ಮೆಂಟು ಅಂತಾರೆ, ಹೋಗಿ ಪೆನ್ಷನ್ ತಗಳ್ಳಿ ಅಂತ ಹೇಳು ನಿನ್ನ ಸರ್‌ಗೆ. ಧರ್ಮೇಶ್ ಒಬ್ಬನೇ ನಿಂತ, ಹೋಟೆಲಿನಲ್ಲಿ, ಬಸ್ಸಿನಲ್ಲಿ, ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ, ನಿಮಗೆ ಕಿವಿಯೇ ಇಲ್ಲ, ಅದು ಅಂಡರ್‌ರೇಟೆಡ್ — ಆ ಪದ ಹೇಳುವಾಗ ಅವನ ಬಾಯಲ್ಲಿ ಬೆಲ್ಲ ಕರಗುತ್ತಿತ್ತು, ಯಾರಿಗೂ ಬೇಡವಾದದ್ದನ್ನು ತಾನೊಬ್ಬನೇ ಎತ್ತಿಕೊಂಡ ಸುಖ, ಒಮ್ಮೆ ಸ್ವಂತ ಮಗಳೇ ಮೂರನೆಯ ಹಾಡು ಕೇಳಿ ಚೆನ್ನಾಗುಂಟು ಅಲ್ವಾ ಅಪ್ಪ ಅಂದಾಗ ಖುಷಿಪಡುವ ಬದಲು ಹಾಡು ನಿಲ್ಲಿಸಿ, ಹೋಗು ಓದ್ಕೊ ಎಂದು ಗದರಿದ್ದ.

ಈ ಆಟ ತನ್ಮಯನ ಕಿತಾಪತಿ. ಕಾಫಿ ನೋಡಿದ ಹಾಗೇ ಹಾಡನ್ನೂ ನೋಡಿಬಿಡುವ, ಧರ್ಮೇಶಣ್ಣ, ಯಾವ ಹಾಡು ಅಂತ ಹೇಳ್ಬೇಡಿ, ಹಳೇ ಸ್ಟೇಜ್ ಕ್ಯಾಸೆಟ್ಟುಗಳ ಜೊತೆ ಬ್ಯಾಕಿಂಗ್ ಸೇರಿಸಿ ಹಾಕಿ, ಕೇಳುವ, ನಡುವೆ ಒಂದೊಂದು ಚಮಚ ಹೀರಿ ಉಗಿಯುವ, ಆಮೇಲೆ ನೂರಕ್ಕೆ ಮಾರ್ಕು. ಸರ್‌ನೂ ಕರೀವ. ಮೇಜಿನ ಕ್ರಮ ಧರ್ಮೇಶನೇ ಹೇಳಿದ, ಮಾರ್ಕು ಹೇಳುವವರೆಗೆ ಯಾರೂ ಮಾತಾಡಬಾರದು, ಚಿಕ್ಕವರಿಂದ ಶುರುವಾಗಬೇಕು, ಹೆಡ್ ಟೇಸ್ಟರ್ ಕೊನೆಗೆ, ದೊಡ್ಡವರ ಬಾಯಿ ನೋಡಿಕೊಂಡು ಚಿಕ್ಕವರು ಹೇಳಬಾರದು ನೋಡಿ, ಅದಕ್ಕೆ. ಮತ್ತೆ ಆದದ್ದೇನು, ಫಾರಿಸ್ ಮೇಜು ಗುದ್ದಿದ, ತೊಂಬತ್ತು, ತೊಂಬತ್ತು ಕೊಡ್ತೀನಿ, ಇದು ಹಳೇದೇ, ಈ ಬೆಂಕಿ ಆಮೇಲೆ ಎಲ್ಲಿತ್ತು ಮಾರಾಯ — ಅದು ‘ಬ್ಯಾಕಿಂಗ್’ ಆಲ್ಬಮ್ಮಿನ ಮೂರನೆಯ ಹಾಡು, ಎಂದು ಧರ್ಮೇಶ್ ಮೆಲ್ಲಗೆ ಹೇಳಿದ, ಹೇಳುವಾಗ ಎಷ್ಟು ಚೆಂದ ಇತ್ತು, ಫಾರಿಸನ ಮುಖ ಎಷ್ಟು ಚೆಂದ ಇತ್ತು, ಹದಿನೈದು ವರ್ಷ ಕಾದ ಒಂದು ನಿಮಿಷ, ಆದರೆ ನಿಮಿಷ ನಿಲ್ಲಲಿಲ್ಲ. ಫಾರಿಸ್ ಎದ್ದು ಹೋಗಿ ಸರ್ ಕಾಲ ಬಳಿ ಕೂತೇಬಿಟ್ಟ, ತಪ್ಪಾಯ್ತು ಸರ್, ನನ್ನ ಕಿವಿಗೆ ಆಯಿಲ್ ಹೋಗಿತ್ತು ಅಂತ ಕಾಣ್ತದೆ, ಕೃತಿಕಾ ಆಗಲೇ ಮೊಬೈಲಿನಲ್ಲಿ ಈ ಸುದ್ದಿ ಯಾರಿಗೋ ಕಳಿಸುತ್ತಿದ್ದಾಳೆ, ತನ್ಮಯ್ ತೋಳು ಮಡಚಿ ನಿಂತ, ಸರ್, ಕೊಯ್ಲು ಮುಗಿದ ಮೇಲೆ ನಮ್ಮ ಕ್ಲಬ್ಬಲ್ಲಿ ಒಂದು ಶೋ ಮಾಡುವ, ಇಡೀ ಆಲ್ಬಮ್ಮು, ನಮ್ಮ ಆಲ್ಬಮ್ಮು ಸರ್ ಇದು, ನಮ್ಮ ಊರಿಂದು. ನಮ್ಮ. ಆ ನಮ್ಮ ಎಂಬುದು ಬಂದು ಚುಚ್ಚಿತು. ನಿನ್ನೆಯವರೆಗೆ ಕಸ, ಇವತ್ತು ನಮ್ಮದು, ಹೊಲಸು ಮಳೆಯಲ್ಲಿ ನಾನು ಕೊಡೆ ಹಿಡಿದು ನಿಂತಿದ್ದೆ, ಬಿಸಿಲು ಬಂದ ಕೂಡಲೇ ಅಂಗಳಕ್ಕೆ ಬಂದಿರಾ, ಎಂದು ಧರ್ಮೇಶ್ ಮನಸ್ಸಿನಲ್ಲೇ ಹಲ್ಲು ಕಡಿದ. ಸರ್ ಏನೂ ಉಬ್ಬಲಿಲ್ಲ, ಗಂಟಲ ಆಪರೇಷನ್ ಆದಮೇಲೆ ಅವರ ಮಾತೆಲ್ಲ ಪಿಸುಗುಟ್ಟಿದ ಹಾಗೆ, ಹಾಡಕ್ಕೆ ಆಗುತ್ತೋ ಇಲ್ವೋ, ಅದನ್ನ ಧರ್ಮೇಶ ಹೇಳ್ಬೇಕು, ಎಂದರು, ಎಲ್ಲರೂ ಅದು ದೊಡ್ಡ ಮನುಷ್ಯರ ವಿನಯ ಎಂದುಕೊಂಡು ನಕ್ಕರು.

ವಿನಯ ಅಲ್ಲ. ಮೊನ್ನೆ ಗುರುವಾರ ಬೆಳಿಗ್ಗೆ ಬಣಕಲ್ ದಾಟಿ ರಸ್ತೆ ಬದಿಯ ಸಿಲ್ವರ್ ಓಕ್ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದ್ದಾನೆ ಧರ್ಮೇಶ್, ಮೊಬೈಲು ಕಿವಿಗೆ ಒತ್ತಿದ್ದಾನೆ, ಸರ್ ಕಳಿಸಿದ ರೆಕಾರ್ಡಿಂಗು, ಗಿಟಾರಿಲ್ಲ, ಡ್ರಮ್ಮಿಲ್ಲ, ಊಟದ ಮೇಜಿನ ಮೇಲೆ ಬೆರಳು ಬಡಿಯುವ ತಾಳ, ಅದರ ಮೇಲೆ ಒಡೆದ, ಸೀಳಿದ, ತಳ ಹಿಡಿದ ಒಂದು ಧ್ವನಿ, ಅವರದು ಎಂದು ಹೇಳಿದರೂ ನಂಬಲಾಗದ ಧ್ವನಿ, ಬಾರದ ಮಳೆಗೆ ಕೊಡೆ ಹಿಡಿದು ನಿಂತೆ, ಎಂಬ ಸಾಲಿನಲ್ಲಿ ಮೇಲಕ್ಕೆ ಹೋಗಲು ನೋಡಿ ಬೀಳುತ್ತದೆ, ಬಿದ್ದಲ್ಲಿಂದಲೇ ಮುಂದಿನ ಸಾಲು ಎತ್ತಿಕೊಳ್ಳುತ್ತದೆ, ಮುಗಿಯುವಷ್ಟರಲ್ಲಿ ಧರ್ಮೇಶನ ಕನ್ನಡಕ ಮಂಜಾಗಿತ್ತು. ಕೆಳಗೆ ನಾಲ್ಕು ಸಾಲು, ಧರ್ಮೇಶ, ಇದು ನಿನಗೊಬ್ಬನಿಗೇ ಕಳಿಸಿದ್ದು, ಹಾಡಬಹುದು ಅಂದ್ರೆ ಮತ್ತೆ ಹಾಡ್ತೀನಿ, ಬೇಡ ಅಂದ್ರೆ ಇಲ್ಲಿಗೇ ಬಿಡ್ತೀನಿ, ನೀನು ಸುಳ್ಳು ಹೇಳಲ್ಲ. ಸುಳ್ಳು ಹೇಳಲ್ಲ, ನಿಜ, ನಾಲಿಗೆ ಮಾರಿ ಬದುಕುವವನು ಸುಳ್ಳು ಹೇಳಬಾರದು, ಆ ನಾಲಿಗೆಗೆ ಆ ಕ್ಷಣವೇ ಗೊತ್ತಾಗಿತ್ತು, ಇದು ‘ಬ್ಯಾಕಿಂಗ್’ಗಿಂತ ದೊಡ್ಡದು, ಕೊಳೆರೋಗಕ್ಕಿಂತ ದೊಡ್ಡದು, ಉತ್ತರ ಬರೆಯಲು ಹೋದ ಹೆಬ್ಬೆರಳು ಅಲ್ಲೇ ನಿಂತಿತು, ಬರೆದರೆ ಹಾಡುತ್ತಾರೆ, ಹಾಡಿದರೆ ಎಲ್ಲರೂ ಕೇಳುತ್ತಾರೆ, ಎಲ್ಲರೂ ಕೇಳಿದರೆ ನಾನು ಯಾರು? ಕೇಳಿದ್ದಕ್ಕೆ ಗುರುತಾಗಿ ಅತ್ತ ಕಡೆ ವಾಟ್ಸಾಪಿನಲ್ಲಿ ನೀಲಿ ಗೆರೆಗಳು ಬಿದ್ದಿರುತ್ತವೆ, ಕಳಸದಲ್ಲಿ ಕೂತು ಆ ನೀಲಿ ಗೆರೆಗಳನ್ನು ನೋಡಿರುತ್ತಾರೆ ಸರ್, ಗುರುವಾರ, ಶುಕ್ರವಾರ, ಶನಿವಾರ, ಮತ್ತೆ ಮತ್ತೆ ತೆಗೆದು ನೋಡಿರುತ್ತಾರೆ, ನೋಡಲಿ, ಎಂದು ಬಿಟ್ಟಿದ್ದ.

ಈಗ, ಭಾನುವಾರದ ಈ ಮೇಜಿನ ಮುಂದೆ, ಹೆಬ್ಬೆರಳು ನಿಲ್ಲಲಿಲ್ಲ. ಒತ್ತಿದ. ಊಟದ ಮೇಜಿನ ತಾಳ ಕಾಫಿ ಮೇಜಿನ ಮೇಲೆ ಬಿತ್ತು, ಟಕ್, ಟಕ್ಕಟಕ್, ಧರ್ಮೇಶ್ ಈಗ ಕಣ್ಣು ತೆರೆದಿದ್ದಾನೆ, ಹೆಡ್ ಟೇಸ್ಟರಿಗೆ ಆ ಹಕ್ಕುಂಟು, ಸರ್ ಕೂಡ ಕಣ್ಣು ತೆರೆದರು, ಮೊದಲು ಬೆಚ್ಚಿದರು, ಆಮೇಲೆ — ಇದನ್ನು ಮರೆಯುವುದು ಹೇಗೆ — ಆಮೇಲೆ ಅವರ ಮುಖ ಅರಳಿತು, ಓಹೋ ಹೀಗೆ ಹೇಳುವುದಕ್ಕೇ ಧರ್ಮೇಶ ಇಷ್ಟು ದಿನ ಸುಮ್ಮನಿದ್ದನಾ, ಎಲ್ಲರ ಎದುರಿಗೆ ಇಟ್ಟು ಗೆಲ್ಲಿಸುವುದಕ್ಕೆ, ಎನ್ನುವ ಹಾಗೆ, ಪರೀಕ್ಷೆ ಪಾಸಾದ ಹುಡುಗನ ಮುಖ ಅರುವತ್ತು ದಾಟಿದವರಿಗೆ. ಬಾರದ ಮಳೆಗೆ ಕೊಡೆ ಹಿಡಿದು ನಿಂತೆ, ಧ್ವನಿ ಏರಲು ಹೋಯಿತು, ಬಿತ್ತು, ಮುಗಿಯಿತು. ಕೃತಿಕಾ ಮೊದಲು, ಚಿಕ್ಕವಳು, ಇದರಲ್ಲಿ ಎಂತದೋ ಉಂಟು ಸರ್, ಎಂದು ಶುರುಮಾಡಿ ಧರ್ಮೇಶನ ಕಡೆ ನೋಡಿದಳು, ಅವನ ಎಡಹುಬ್ಬು ಒಂದು ಕೂದಲಿನಷ್ಟು ಮೇಲೆ ಹೋಯಿತು, ಕ್ರಮ ಏನೇ ಇರಲಿ, ಕೆಟ್ಟ ಲೋಟಕ್ಕೆ ಹೆಡ್ ಟೇಸ್ಟರಿನ ಎಡಹುಬ್ಬು ಏರುತ್ತದೆಂದು ಕೈಕೆಳಗಿನವಳಿಗೆ ಗೊತ್ತು, ಕೈಕೆಳಗಿನವಳಿಗೆ ಗೊತ್ತೆಂದು ಅವನಿಗೂ ಗೊತ್ತು — ಇಲ್ಲ, ಸರಿ ಇಲ್ಲ ಸರ್, ನಲವತ್ತು. ತನ್ಮಯ್ ನಗು ತಡೆಯಲಾರದೆ ಕಾಫಿ ಚೆಲ್ಲಿಕೊಂಡ, ಇದು ಯಾರೋ ಅಜ್ಜ ನಿಮ್ಮ ಮಿಮಿಕ್ರಿ ಮಾಡಿದ್ದು ವಿಶ್ವನಾಥ್ ಸರ್, ಕುಡ್ಕಂಡು ಮಾಡಿದ್ದು, ಇಪ್ಪತ್ತು ಕೊಟ್ರೂ ಹೆಚ್ಚು. ನನ್ನ ಗ್ಯಾರೇಜಲ್ಲಿ ಸೈಲೆನ್ಸರ್ ಬಿದ್ದ ಒಂದು ಜೀಪು ಉಂಟು, ಅದು ಇದಕ್ಕಿಂತ ಶ್ರುತಿಯಾಗಿ ಹಾಡ್ತದೆ, ಎಂದು ಫಾರಿಸ್, ಪಾಪ, ಸರ್ ಕಾಲ ಬಳಿ ಕೂತೇ ಹೇಳಿದ, ಸರ್ ಮೊಣಕಾಲು ತಟ್ಟಿ ತಟ್ಟಿ ನಕ್ಕ, ಸರ್ ಕೂಡ ಸ್ವಲ್ಪ ನಕ್ಕರು, ಮರ್ಯಾದಸ್ಥರು, ನಗುವಾಗಲೂ ಕಣ್ಣು ಧರ್ಮೇಶನ ಮೇಲೆ, ಇನ್ನೂ ಒಬ್ಬನು ಹೇಳುವುದು ಬಾಕಿ ಉಂಟಲ್ಲ, ಕೊನೆಯ ಮಾತು ಅವನದಲ್ಲವೆ, ಈ ಹುಡುಗರಿಗೆ ಏನು ಗೊತ್ತು, ಅವನಿಗೆ ಗೊತ್ತು.

ಗೊತ್ತು, ತೊಂಬತ್ತೈದು, ಎನ್ನಬೇಕು, ಎದ್ದು ನಿಂತು ಇದು ಸರ್‌ದೇ ಎನ್ನಬೇಕು, ಹೇಳಿದರೆ ಈ ಮೂವರ ಮುಖ ನೋಡುವ ಹಾಗಿರುತ್ತದೆ, ಮತ್ತೆ ಗೆಲ್ಲಬಹುದು, ಗೆದ್ದರೆ ಮತ್ತೆ ಕಾಲಿಗೆ ಬೀಳುತ್ತಾರೆ, ಮತ್ತೆ ನಮ್ಮದು ಎನ್ನುತ್ತಾರೆ, ಕ್ಲಬ್ಬಿನಲ್ಲಿ ಖುರ್ಚಿ ಹಾಕುತ್ತಾರೆ, ಧರ್ಮೇಶನಿಗೆ ಮೂರನೆಯ ಸಾಲಿನಲ್ಲಿ ಎಲ್ಲೋ ಒಂದು ಜಾಗ, ಬೇಡ, ಹಾಗಾಗುವುದಕ್ಕಿಂತ ಇದು ಯಾರಿಗೂ ಇಲ್ಲದೆ ಹೋಗಲಿ, ನನ್ನ ಮೊಬೈಲಿನಲ್ಲಿ ಇರಲಿ, ನಾನೊಬ್ಬನೇ ಕೇಳುತ್ತೇನೆ, ನನಗಿಂತ ಚೆನ್ನಾಗಿ ಯಾರು ಕೇಳುತ್ತಾರೆ — ಚೀಲದಲ್ಲಿ ಒಂದು ಬೀಜ ಇರುತ್ತದೆ, ಹೊರಗಿನಿಂದ ಎಲ್ಲದರ ಹಾಗೇ, ಒಳಗೆ ಕೊಳೆತದ್ದು, ಆ ಒಂದು ಬೀಜ ಸಾಕು, ಲೋಟಕ್ಕೆ ಲೋಟವೇ ನಾರುತ್ತದೆ, ಈ ಮೇಜಿನಲ್ಲಿ ಅದಕ್ಕೊಂದು ಹೆಸರುಂಟು, ಆ ಹೆಸರು ಬಂದರೆ ಮಾರ್ಕಿಲ್ಲ, ವಾದವಿಲ್ಲ, ಇಡೀ ಮಾಲನ್ನೇ ಹೊರಗೆ ಹಾಕುತ್ತಾರೆ — ಧರ್ಮೇಶ್ ಒಂದು ಚಮಚ ಹೀರಿದ, ಸೊರ್ರನೆ, ಕ್ರಮವಾಗಿ, ಉಗಿದ, ತುಟಿ ಒರೆಸಿಕೊಂಡ. ಸ್ಟಿಂಕರ್, ಎಂದ.

ಹೌದು ಹೌದು ಸ್ಟಿಂಕರ್, ಎಂದು ತನ್ಮಯ್ ಚಪ್ಪಾಳೆ ತಟ್ಟಿದ, ಯಾರು ಹಾಡಿದ್ದು ಹೇಳು ಮಾರಾಯ ಎಂದು ಫಾರಿಸ್, ಯಾರೋ, ಗೊತ್ತಿಲ್ಲ, ಎಂದು ಧರ್ಮೇಶ್, ಕೃತಿಕಾ ಒಬ್ಬಳು ನಗಲಿಲ್ಲ, ಅವಳು ಸರ್ ಕೊರಳಿನ ಗಾಯದ ಗೆರೆ ನೋಡುತ್ತಿದ್ದಾಳೆ, ನೋಡಬೇಡ, ನೋಡಬೇಡ ಅಲ್ಲಿ. ಸರ್ ತಲೆಯಾಡಿಸಿದರು. ಸರಿ, ಎಂದರು, ಪಿಸುಮಾತು, ಸಿಟ್ಟಿಲ್ಲ, ಅದೇ ಕಷ್ಟ, ಸಿಟ್ಟೇ ಇಲ್ಲ, ಸುಳ್ಳು ಹೇಳದವನು ಹೇಳಿದ ಮೇಲೆ ಮುಗಿಯಿತು ಎಂಬಂತೆ, ಈವರೆಗೆ ಮುಟ್ಟದ ಲೋಟವನ್ನು ಎರಡೂ ಕೈಯಲ್ಲಿ ಎತ್ತಿದರು, ಆರಿ ತಣ್ಣಗಾದ ಕಾಫಿ, ತಳದಲ್ಲಿ ಪುಡಿ, ಚಮಚ ಬಿಟ್ಟು ಲೋಟವನ್ನೇ ಬಾಯಿಗೆ ಇಟ್ಟುಕೊಂಡರು, ಸರ್ ಸರ್ ನುಂಗ್ಬೇಡಿ, ಅದು ಉಗಿಯೋದು, ಎಂದು ತನ್ಮಯ್ ಸ್ಪಿಟೂನನ್ನು ಅವರ ಹತ್ತಿರ ತಳ್ಳಿದ, ಅವರು ತಲೆ ಹಿಂದಕ್ಕೆ ಚೆಲ್ಲಿದರು, ಮುಖ ಕಾಣಲಿಲ್ಲ, ಗಂಟಲು ಮಾತ್ರ ಕಾಣುತ್ತಿತ್ತು, ಗಾಯದ ಗೆರೆಯ ಕೆಳಗೆ ಆ ಉಬ್ಬು ಏರಿತು, ಇಳಿಯಿತು, ಬೇರೆ ಏನಾದರೂ ಯೋಚಿಸಬೇಕು, ಬೀಗದ ಕೈ ಜೇಬಿನಲ್ಲೇ ಉಂಟಾ, ನಾಳೆ ಬರುವ ಲೋಡು ಯಾವ ಎಸ್ಟೇಟಿನದು, ಮತ್ತೆ ಏರಿತು, ಇಳಿಯಿತು, ಯಾವ ಎಸ್ಟೇಟಿನದು, ಏರಿತು, ಲೋಟ ಇನ್ನೂ ಖಾಲಿಯಾಗಿಲ್ಲ, ಇಳಿಯಿತು.