ಒಳಮಗ್ಗುಲು ಸವೆದ ಟೈರು

ದೊರೆಸ್ವಾಮಿಗೆ ತನ್ನ ಬಿಳಿ ಕಾರೆಂದರೆ ಪ್ರಾಣ. ಅವನು ಅದಕ್ಕೆ ಮಾಡುತ್ತಿದ್ದ ಉಪಚಾರವನ್ನು ಅವನೂರು ಹರವೆಯಲ್ಲಿ ಹೊಸ ಅಳಿಯನಿಗೂ ಯಾರೂ ಮಾಡಿರಲಿಕ್ಕಿಲ್ಲ. ಅಮಾವಾಸ್ಯೆ ಬಂತೆಂದರೆ ತೊಳೆದು, ಟೈರಿಗೆ ಕಪ್ಪು ಪಾಲಿಶ್ ಬಳಿದು, ಕುಂಕುಮವಿಟ್ಟು, ನಿಂಬೆಹಣ್ಣು ತುಳಿಸಿಯೇ ಗಾಡಿ ಆಚೆ ತೆಗೆಯುವುದು. ಹೋದ ವರ್ಷ ಕಾಡಿನ ರಸ್ತೆಯ ಉಬ್ಬಿಗೆ ರಭಸವಾಗಿ ಬಡಿದಾಗಿನಿಂದ ಅದು ಎಡಕ್ಕೆ ಎಳೆಯುತ್ತಿತ್ತು. ಸ್ಟೇರಿಂಗನ್ನು ಒಂಚೂರು ಬಲಕ್ಕೆ ಅದುಮಿ ಹಿಡಿದರಾಯಿತೆಂದು ಅವನು ಅದನ್ನೇ ಅಭ್ಯಾಸ ಮಾಡಿಕೊಂಡುಬಿಟ್ಟ. ರಿಪೇರಿ ಗಿಪೇರಿ ಎಂದವರಿಗೆ, "ನನ್ ಗಾಡಿ ನಂಗೊತ್ತು, ಓಗ್ಲಾ" ಅನ್ನುತ್ತಿದ್ದ.

2006ರ ಕಾರ್ತಿಕದ ಒಂದು ಬೆಳಿಗ್ಗೆ, ಬಾಣಂತನ ಮುಗಿಸಿದ ಮಗಳು ಶಿವರಂಜಿನಿಯನ್ನೂ ಐದು ತಿಂಗಳ ಮೊಮ್ಮಗನನ್ನೂ ಗಂಡನ ಮನೆಗೆ ಬಿಡಲು ಹೊರಟ. ಅಳಿಯನಿಗೆ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕೆಲಸ. ಬಸ್ಸಿಗೆ ಹೋಗುತ್ತೇವೆ ಅಂದ ಮಗಳನ್ನು ಬೈದು ಕಾರು ಹತ್ತಿಸಿದ್ದ. ಗುಂಡ್ಲುಪೇಟೆವರೆಗೂ ಓಡಿಸಿದ್ದೇ ಓಡಿಸಿದ್ದು. ಅಲ್ಲಿ ಗಾಳಿ ತುಂಬಿಸಲು ಚಿಕ್ಕಮಾದುವಿನ ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದ.

ಮುಂದಿನ ಟೈರಿನ ಪಕ್ಕ ಕೂತ ಚಿಕ್ಕಮಾದು, "ಸ್ಟೇರಿಂಗ್ ಪೂರ್ತಿ ತಿರುಗ್ಸಣ್ಣ" ಅಂದ. ತಿರುಗಿಸಿದ ಮೇಲೆ ಟೈರಿನ ಒಳಬದಿಗೆ ಬಗ್ಗಿ ನೋಡಿದ.

"ಇಳ್ದು ಬಾ ಅಣ್ಣ. ಒಳಗಡೆ ಕೈ ಆಡ್ಸಿ ನೋಡು."

ದೊರೆಸ್ವಾಮಿ ಕೈಯಾಡಿಸಿದ. ಚುಚ್ಚಿತು. ಹೊರಗಿನಿಂದ ಮಿರಮಿರ ಮಿಂಚುವ ಟೈರು ಒಳಮಗ್ಗುಲಲ್ಲಿ ರಬ್ಬರೇ ಇಲ್ಲದೆ ತಂತಿ ಬಿಟ್ಟುಕೊಂಡಿತ್ತು. ಬೆರಳಲ್ಲಿ ರಕ್ತ. ಆಚೆ ಬದಿಯ ಟೈರೂ ಹಾಗೇ.

"ಎಲೈನ್‌ಮೆಂಟ್ ಓಗದೆ, ಚಕ್ರ ಸೊಟ್ಟ ತಿರುಗ್ತಾ ಅದೆ. ಆಗ್ಲೇ ತೋರ್ಸಿದ್ರೆ ಅರ್ಧ ಗಂಟೆ ಕೆಲ್ಸ. ಕಾಡಲ್ಲಿ ಆನೆ ಅಡ್ಡ ಬಂದು ಬ್ರೇಕ್ ಒತ್ತಿದ್ರೆ, ಟೈರ್ ಸಿಡ್ದು..." ಹಿಂದಿನ ಸೀಟಿನ ಮಗುವನ್ನು ಕಂಡು ಚಿಕ್ಕಮಾದು ಬಾಯಿ ಮುಚ್ಚಿಕೊಂಡ.

ದೊರೆಸ್ವಾಮಿ ಟೈರಿನ ಪಕ್ಕದಲ್ಲೇ ಕೂತುಬಿಟ್ಟ. ಕುಂಕುಮ ಇಡುವಾಗ ಒಂದು ಸಲವಾದರೂ ಬಗ್ಗಿ ಒಳಗೆ ನೋಡಲಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಇಳಿಯವ್ವ, ಮಗಾನ ಎತ್ಕೊ. ಬಸ್ಸಲ್ಲೇ ಓಗಿ," ಅಂದ. "ನಿಮ್ಮಿಬ್ರುನ್ನೂ ಕೊಂದ್ಬುಡ್ತಿದ್ದೆ ಕಣವ್ವ ನಾನು."

ಶಿವರಂಜಿನಿ ಇಳಿದು ತಂತಿ ನೋಡಿದಳು. ಮುಖ ಬಿಳಿಚಿಕೊಂಡಿತು. ಮಗುವನ್ನು ಎದೆಗೆ ಅವಚಿಕೊಂಡಳು.

"ನಾನು ನಿಧಾನಕ್ಕೆ ಊರ್ಗೆ ಓಡ್ಸ್ಕಂಡು ಓಯ್ತೀನಿ," ಎನ್ನುತ್ತ ಎದ್ದು ಬಾಗಿಲಿಗೆ ಕೈಹಾಕಿದ.

ಅವಳು ಅಪ್ಪನ ಕೈಯಿಂದ ಕೀ ಕಿತ್ತುಕೊಂಡು ಚಿಕ್ಕಮಾದುವಿನ ಕೈಗಿಟ್ಟಳು. "ಎಲ್ಡೂ ಟೈರ್ ಬದ್ಲಾಯ್ಸಿ, ಎಲೈನ್‌ಮೆಂಟ್ ಮಾಡ್ಸೋಗಂಟ ಇದುನ್ನ ಯಾರ್ಗೂ ಕೊಡ್ಬ್ಯಾಡಿ ಅಣ್ಣ."

ಆಮೇಲೆ ಅಪ್ಪನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ನಾವಿಬ್ರೇ ಅಲ್ಲ ಕಣಪ್ಪ. ಮುಂದ್ಗಡೆ ನೀನೂ ಕುಂತಿದ್ದೆ."