ಧನರಾಜನ ಕೈರುಚಿಗೆ ಒಲಿಯದ ಗಿರಾಕಿ

ಅಂಧೇರಿಯ ಹೋಟೆಲೊಂದರಲ್ಲಿ ಧನರಾಜ ಮುಖ್ಯ ಅಡುಗೆಯವ. ಬೇರೆಯವರು ಮಾಡಿದ್ದನ್ನು ರುಚಿಯಾಗಿದೆ ಎಂದು ಅವನು ಒಪ್ಪಿದ್ದೇ ಇಲ್ಲ. ತನ್ನ ಮದುವೆಯ ಊಟದಲ್ಲೇ ಸಾರಿಗೆ ಹುಳಿ ಸಾಲದೆಂದು ಗೊಣಗಿದ ಆಸಾಮಿ.

ಅಂಥವನ ವಾರದ ರಜೆಯ ದಿನವೇ ಎರಡು ವರ್ಷದ ಮಗಳು ಪ್ರಣೀತಾಳಿಗೆ ಭೇದಿ ಶುರುವಾಯಿತು. ಗಂಡಹೆಂಡಿರು ರಿಕ್ಷಾ ಹಿಡಿದು ಡಾಕ್ಟರ್ ಅನುರಾಧಾ ಅವರಲ್ಲಿಗೆ ಓಡಿದರು.

ಡಾಕ್ಟರು ಮಗುವನ್ನು ಪರೀಕ್ಷಿಸಿ, ಜಿಂಕ್ ಔಷಧಿ ಬರೆದು, ಓಆರ್‌ಎಸ್ ಪೊಟ್ಟಣ ಕೊಟ್ಟರು. "ಇಡೀ ಪೊಟ್ಟಣ ಒಂದು ಲೀಟರ್ ನೀರಿಗೆ. ಕುದಿಸಿ ಆರಿಸಿದ ನೀರು. ಬೇರೇನೂ ಸೇರಿಸಬೇಡಿ. ಚಮಚದಲ್ಲಿ ಆಗಾಗ ಕುಡಿಸಿ, ಊಟ ನಿಲ್ಲಿಸಬೇಡಿ. ರಕ್ತ ಕಂಡರೆ, ಮೂತ್ರ ನಿಂತರೆ, ಮಗು ಮಂಕಾದರೆ ಕೂಡಲೇ ಕರೆತನ್ನಿ."

ಮನೆಗೆ ಬಂದು ಪೊಟ್ಟಣದ ಪುಡಿಯನ್ನು ನೀರಿಗೆ ಕಲಸಿದ ಧನರಾಜ ಅಭ್ಯಾಸದಂತೆ ನಾಲ್ಕು ಹನಿ ಅಂಗೈಗೆ ಹಾಕಿ ನೆಕ್ಕಿದ. ಮುಖ ಸಿಂಡರಿಸಿದ.

"ಎಂತದಿದು? ಅತ್ತ ಉಪ್ಪೂ ಅಲ್ಲ, ಇತ್ತ ಸಿಹಿಯೂ ಅಲ್ಲ. ಒಂದು ಚೂರು ಸಕ್ಕರೆ ಹಾಕಿದ್ರೆ..."

"ಮುಟ್ಟಿ ನೋಡುವ!" ಹೆಂಡತಿ ಹರಿಣಿ ಸಕ್ಕರೆ ಡಬ್ಬಿ ಕಿತ್ತುಕೊಂಡಳು. "ಡಾಕ್ಟ್ರು ಹೇಳಿದ್ದು ಕೇಳಲಿಲ್ವಾ? ಇದು ನಿಮ್ಮ ಹೋಟೆಲಿನ ಸಾಂಬಾರಲ್ಲ ಮಾರಾಯ್ರೇ."

ಪ್ರಣೀತಾ ಮೊದಲ ಚಮಚವನ್ನೇ ಅಪ್ಪನ ಬನಿಯನ್ ಮೇಲೆ ಉಗಿದು "ಛೀ!" ಎಂದಳು. ಮಗಳ ನಾಲಿಗೆ ತನ್ನಂತೆಯೇ ಎಂದು ಧನರಾಜನಿಗೆ ಒಳಗೊಳಗೇ ಹೆಮ್ಮೆ. ಆದರೆ ಅವಳ ಒಣಗಿದ ತುಟಿ ಕಂಡು ಹೆಮ್ಮೆಯೆಲ್ಲ ಇಳಿಯಿತು. ಮುದ್ದಿಸಿದ, ಗದರಿದ. ಏನೂ ನಡೆಯಲಿಲ್ಲ. ಕೊನೆಗೆ ಟವೆಲನ್ನು ಹೆಗಲಿಗೇರಿಸಿ, ಗಿರಾಕಿಗೆ ಏನು ತರಲೆಂದು ಕೇಳುವವನಂತೆ ಬಗ್ಗಿ ನಿಂತ.

"ಬೋಲಿಯೇ ಮೇಡಂ, ಕ್ಯಾ ಲಾವೂಂ?"

ಮಗು ಕಣ್ಣರಳಿಸಿತು. "ಜೂಸ್!"

"ಏಕ್ ಜೂಸ್!" ಎಂದು ಅಡುಗೆಮನೆಯತ್ತ ಕೂಗಿ, ಓಡಿಹೋಗಿ, ಅದೇ ನೀರನ್ನು ಚಮಚಕ್ಕೆ ತುಂಬಿಸಿ ತಂದ. ಮೇಡಂ ಗುಟುಕರಿಸಿದರು. "ಔರ್ ಏಕ್!" ಎಂದು ಇನ್ನೊಂದಕ್ಕೆ ಕೂಗಿ ಧನರಾಜ ಮತ್ತೆ ಓಡಿದ.

ನಡುವೆ ಒಮ್ಮೆ ವಾಂತಿಯಾಯಿತು. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರುಮಾಡಿದರು. ಓಡಾಡಿ ಓಡಾಡಿ ಧನರಾಜನ ಕಾಲು ಸೋತಿತು.

"ಹೋಟೆಲಲ್ಲಿ ಒಲೆ ಬಿಟ್ಟು ಕದಲದವರು ಇವತ್ತು ವೇಟರ್ ಆದ್ರಲ್ಲ!" ಹರಿಣಿ ನಕ್ಕಳು. "ಟಿಪ್ಸ್ ಸಿಕ್ಕಿತಾ?"

ಸಂಜೆಗೆ ಭೇದಿ ಕಡಿಮೆಯಾಯಿತು. ಮಗು ಚಡ್ಡಿಯಲ್ಲಿ ಧಾರಾಳವಾಗಿ ಮೂತ್ರ ಮಾಡಿದಾಗ ಇಬ್ಬರೂ ಹಬ್ಬ ಬಂದಂತೆ ಹಿಗ್ಗಿದರು. ಈಗ ತನ್ನ ಸರದಿ ಎಂದು ಧನರಾಜ ಕೈ ತೊಳೆದು ಮೆತ್ತಗಿನ ಗಂಜಿ ಬೇಯಿಸಿ, ಮೊಸರು ಬೆರೆಸಿ, ಹದ ನೋಡಿ ತುತ್ತು ಹಿಡಿದ.

ಪ್ರಣೀತಾ ಬಾಯಿ ಬಿಗಿದಳು. "ಬೇಡ. ಅಮ್ಮಂದು."

ಹರಿಣಿ ಅದೇ ಗಂಜಿಯನ್ನು ಬೇರೆ ಬಟ್ಟಲಿಗೆ ಸುರಿದು, "ತಗೋ, ಅಮ್ಮಂದು" ಎಂದಳು. ಮಗು ಚಪ್ಪರಿಸಿ ಉಂಡಿತು.

ಅದು ತಾನೇ ಮಾಡಿದ್ದೆನ್ನಲು ಬಾಯಿ ತೆರೆದ ಧನರಾಜ, ಮಗಳ ಮುಖ ನೋಡಿ, ಅಮ್ಮನ ಬಟ್ಟಲಿಗೇ ಇನ್ನೊಂದು ಸೌಟು ಬಡಿಸಿದ.