ಗಿರಾಕಿ ಹೇಳಿದ ದೂರು

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ನಡೆದು ಆರು ವರ್ಷವಾಯಿತು. ಅರ್ಧ ಮೇಜಿಗೆ ನೀಲಿ ರಬ್ಬರ್ ಹಾಸು ಹಾಸಿದ್ದೇನೆ. ಉಳಿದರ್ಧದಲ್ಲಿ ಹೊಟ್ಟೆ ಬಿಚ್ಚಿಕೊಂಡ ಲ್ಯಾಪ್‌ಟಾಪ್‌ಗಳು ಸರದಿ ಕಾಯುತ್ತಿರುತ್ತವೆ. ನಾನೂ ನನ್ನ ಗಂಡನೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲೇ ಉಣ್ಣುತ್ತೇವೆ. ಸರ್ವಿಸ್ ಸೆಂಟರ್ ಒಂದರಲ್ಲಿ ಹದಿಮೂರು ವರ್ಷ ದುಡಿದಿದ್ದೆ. ಅದು ಬಾಗಿಲು ಹಾಕಿಕೊಂಡ ಮೇಲೆ ಈ ಮೇಜೇ ನನ್ನ ಅಂಗಡಿ. ಬೀದಿಯವರು ನನ್ನನ್ನು ಡಾಕ್ಟರಮ್ಮ ಎಂದು ಕರೆಯುತ್ತಾರೆ, ಡಾಕ್ಟರ ಹತ್ತಿರ ಹೇಳುವಷ್ಟೇ ಸುಳ್ಳನ್ನು ನನ್ನ ಹತ್ತಿರವೂ ಹೇಳುತ್ತಾರೆ.

ಆ ಗುರುವಾರ ಪಕ್ಕದ ಮನೆಯ ಟೀಚರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದರು. ಕೀಲಿಗಳು ಒತ್ತಿದರೆ ಒತ್ತಿದ ಹಾಗೇ ಕೂತುಬಿಡುತ್ತಿದ್ದವು.

“ಏನಾದ್ರೂ ಚೆಲ್ಲಿದ್ರಾ ಟೀಚರ್?”

“ಛೆ ಛೆ, ಅದರ ಹತ್ರ ನಾನು ನೀರೂ ಇಡಲ್ಲ. ನಾನೇನೂ ಮಾಡ್ಲಿಲ್ಲಮ್ಮ, ತಾನಾಗೇ ಹಿಂಗಾಯ್ತು.”

ನಾಲ್ಕು ಕೀಲಿ ಕಿತ್ತು ತೋರಿಸಿದೆ. ಕೆಳಗೆಲ್ಲ ಕಂದು ಬಣ್ಣದ ಅಂಟು. ಮೂಸಿ ನೋಡಿ, “ಕಾಫಿ. ಸಕ್ಕರೆ ಜಾಸ್ತಿ” ಎಂದೆ.

“ಹೌದಾ? ಯಾರ್ದು?” ಎಂದು ಕೇಳಿದರು ಮಹಾತಾಯಿ.

ಇಂಥವರಿಗಾಗಿಯೇ ನನ್ನ ಹತ್ತಿರ ಒಂದು ಚೀಟಿ ಪುಸ್ತಕವಿದೆ. ಸೆಂಟರಿನ ಕಾಲದ್ದು, ಕಾರ್ಬನ್ ಹಾಳೆಯ ಸಮೇತ. ಹೆಸರು, ವಸ್ತು, ಗಿರಾಕಿ ಹೇಳಿದ ದೂರು, ನಾನು ಕಂಡದ್ದು, ಬ್ಯಾಕಪ್ ಆಗಿದೆಯೇ, ವಾಪಸ್ ಕೊಡುವ ದಿನ, ಸಹಿ. ಬ್ಯಾಕಪ್ ಎಂಬ ಗೆರೆಗೆ ಗುರುತು ಬೀಳದೆ ನಾನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರ ಫೋನನ್ನು ನೋಡದೆ ಮಾಡದೆ ಅಳಿಸಿಬಿಟ್ಟಿದ್ದೆ. ಒಳಗಿದ್ದದ್ದೆಲ್ಲ ಹೋಯಿತು. ಆ ಮನುಷ್ಯ ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಬೈಯಲಿಲ್ಲ. ಕೌಂಟರಿನ ಮುಂದೆ ಸುಮ್ಮನೆ ನಿಂತರು, ಆಮೇಲೆ “ಒಳ್ಳೇದಾಯ್ತು ಬಿಡಿ” ಎಂದು ಹೊರಟುಹೋದರು. ಅಂದಿನಿಂದ ಚೀಟಿಯಿಲ್ಲದೆ ಕೆಲಸವಿಲ್ಲ.

ಟೀಚರು ಹೋದ ಮೇಲೆ ನನ್ನ ಗಂಡ ಕೆಲಸದಿಂದ ಬಂದರು. ಅವರು ಲಿಫ್ಟ್ ಮೆಕ್ಯಾನಿಕ್. ಈ ಊರಿನ ನಲವತ್ತು ಕಟ್ಟಡಗಳ ಲಿಫ್ಟು ಅವರ ಸುಪರ್ದಿಯಲ್ಲಿದೆ. ಶೂ ಬಿಚ್ಚುವ ಮೊದಲೇ ಫೋನನ್ನು ನನ್ನ ಮುಂದೆ ಹಿಡಿದರು.

“ಫೋಟೋ ತೆಗೆಯಕ್ಕೆ ಆಗ್ತಿಲ್ಲ. ಜಾಗ ಇಲ್ಲ ಅಂತಿದೆ. ಬೇಗ ನೋಡು.”

“ಸರದಿ ಇದೆ ಸ್ವಾಮಿ. ನಿಮ್ಮ ಮುಂದೆ ಮೂರು ಜನ ಇದ್ದಾರೆ.”

“ಬೇಗ ನೋಡೇ” ಎಂದು ಸ್ನಾನಕ್ಕೆ ಹೋದರು.

ಕಟ್ಟಿಕೊಂಡ ಗಂಡನಿಗೆ ಯಾರಾದರೂ ಚೀಟಿ ಬರೆಯುತ್ತಾರೆಯೇ? ನಾನೂ ಬರೆಯಲಿಲ್ಲ. ತೆರೆದು ನೋಡಿದರೆ ಆರು ಸಾವಿರ ಚಿಲ್ಲರೆ ಫೋಟೋ. ನಮ್ಮ ಗ್ಯಾಸ್ ಒಲೆಯ ಗುಂಡಿ, ನಮ್ಮ ಬಾಗಿಲ ಬೀಗ, ಮತ್ತೆ ಗುಂಡಿ, ಮತ್ತೆ ಬೀಗ. ಮಧ್ಯೆ ಮಧ್ಯೆ ಲಿಫ್ಟುಗಳ ಬೂದು ಬಣ್ಣದ ಪ್ಯಾನಲ್‌ಗಳು, ಬಾಗಿಲು ತೆರೆದಿಟ್ಟು ಒಳಗಿನ ತಂತಿ ತೋರಿಸುವಂಥವು, ಸಾವಿರಗಟ್ಟಲೆ, ಒಂದರ ಹಾಗೇ ಇನ್ನೊಂದು. ನನಗೆ ನಗು ತಡೆಯಲಾಗಲಿಲ್ಲ. ಒಂದೇ ಥರದವನ್ನು ಗುಂಪು ಮಾಡುವ ಸೌಕರ್ಯ ಫೋನಿನಲ್ಲೇ ಇದೆ. ಗುಂಪಿಗೆ ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಅಳಿಸಿದೆ. ಕಸದ ಬುಟ್ಟಿಗೆ ಹೋದವೂ ಜಾಗ ತಿನ್ನುತ್ತವೆ, ಅದನ್ನೂ ಖಾಲಿ ಮಾಡಿದೆ. ಬಕೆಟ್ಟಿನ ಸದ್ದು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಟವೆಲ್ ಸುತ್ತಿಕೊಂಡು ಹೊರಗೆ ಬಂದರು. “ರೀ, ಒಲೆಗೇನು ಹೆಣ್ಣು ನೋಡೋ ಶಾಸ್ತ್ರ ಮಾಡ್ತಿದ್ದೀರಾ? ಇಷ್ಟೊಂದು ಫೋಟೋನಾ? ಎಲ್ಲಾ ಗುಡಿಸಿ ಹಾಕ್ದೆ” ಎಂದೆ.

“ಪ್ಯಾನಲ್ ಫೋಟೋಗಳು?”

“ಅವೂನೂ. ಎಲ್ಲಾ ಒಂದೇ ಥರ ಇದ್ವಲ್ಲ. ಒಂದೊಂದು ಉಳಿಸಿದ್ದೀನಿ.”

“ಬೇರೆ ಎಲ್ಲಾದ್ರೂ ಇರುತ್ತಾ?”

“ಇಲ್ಲ. ಬುಡಸಮೇತ ತೆಗೆದೆ. ಯಾಕೆ, ಬೇಕಿತ್ತಾ?”

ಅವರ ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಸುಮ್ಮನೆ ನಿಂತಿದ್ದರು. ಆಮೇಲೆ “ಇಲ್ಲ ಇಲ್ಲ. ಒಳ್ಳೇದಾಯ್ತು ಬಿಡು” ಎಂದು ಒಳಗೆ ಹೋದರು. ನಾನು ಬ್ರಷ್ ತೆಗೆದುಕೊಂಡು ಟೀಚರ ಕಾಫಿ ಉಜ್ಜತೊಡಗಿದೆ.

ಮರುದಿನ ಮಧ್ಯಾಹ್ನ ಅವರ ಜೊತೆ ಕೆಲಸ ಮಾಡುವಾತ ಅವರನ್ನು ಮನೆಗೆ ಕರೆದುಕೊಂಡು ಬಂದ. ನನ್ನ ಗಂಡ ಒಳಗೆ ಬಂದು ಶೂ ಹಾಕಿಕೊಂಡೇ ಸೋಫಾದಲ್ಲಿ ಕೂತರು. ಜೊತೆಗಾರ ನನ್ನನ್ನು ಬಾಗಿಲಾಚೆ ಕರೆದ.

“ಗಾಬರಿ ಆಗ್ಬೇಡಿ ಅಕ್ಕ. ಯಾರಿಗೂ ಏನೂ ಆಗಿಲ್ಲ.”

“ಏನಾಯ್ತು ಹೇಳಪ್ಪ.”

“ಪ್ಯಾನಲ್ ತೆಗೆದು ಹನ್ನೆರಡು ತಂತಿ ಬಿಚ್ಚಿದ್ರು. ಅಣ್ಣ ಇದನ್ನೆಲ್ಲ ಕಣ್ಣು ಮುಚ್ಕೊಂಡು ಮಾಡೋರು, ನಂಗೇ ಕಲಿಸಿದೋರು. ವಾಪಸ್ ಸೇರಿಸೋ ಹೊತ್ತಿಗೆ ಫೋನ್ ತೆಗೆದು ಏನೋ ಹುಡುಕಿದ್ರು. ಹುಡುಕಿದ್ರು, ಹುಡುಕಿದ್ರು. ಆಮೇಲೆ ‘ನಂಗೆ ಗೊತ್ತಾಗ್ತಿಲ್ಲ ಕಣೋ’ ಅಂತ ಮೆಟ್ಟಿಲ ಮೇಲೆ ಕೂತ್ಬಿಟ್ರು.” ಅವನು ತನ್ನ ಕೈಯ ಮಸಿ ನೋಡಿಕೊಂಡ. “ಅದೇ ಪುಣ್ಯ. ಅಂದಾಜಿನ ಮೇಲೆ ಸೇರಿಸಿ ಲಿಫ್ಟ್ ಬಿಟ್ಟಿದ್ರೆ, ಬಾಗಿಲು ತೆಗೆದಿರೋವಾಗ್ಲೇ ಮೇಲಕ್ಕೆ ಹೋಗಿರೋದು. ಎಂಟನೇ ಮಹಡೀಲಿ ಒಬ್ಬಮ್ಮ ಮಗು ಎತ್ಕೊಂಡು ಕಾಯ್ತಾ ನಿಂತಿದ್ರು.”

ನಾನು ಬಾಗಿಲ ಸಂದಿಯಿಂದ ಸೋಫಾದ ಕಡೆ ನೋಡಿದೆ.

“ಆಫೀಸಿಗೆ ತಲೆಸುತ್ತು ಅಂತ ಹೇಳಿದ್ದೀನಿ. ಸೋಮವಾರ ಹದಿನಾಲ್ಕು ಮಹಡಿ ಕಟ್ಟಡದ್ದು ಕೆಲಸ ಇದೆ, ಅಣ್ಣಂದೇ ಜವಾಬ್ದಾರಿ. ಅಷ್ಟರಲ್ಲಿ ಸರಿಹೋಗ್ತಾರಲ್ವಾ ಅಕ್ಕ?”

“ನೋಡೋಣ” ಎಂದೆ.

ಒಳಗೆ ಬಂದು ಅವರ ಶೂ ಬಿಚ್ಚಿದೆ. “ಬಿಸಿಲಿಗೆ ತಲೆ ಸುತ್ತಿತು ಅಷ್ಟೇ. ಸೋಮವಾರ ಹೋಗ್ತೀನಿ” ಎಂದರು. ಬಿಸಿಲೇ ಇರಲಿಲ್ಲ ಅವತ್ತು.

ಶನಿವಾರ ಬೆಳಿಗ್ಗೆ ಅವರ ಫೋನನ್ನು ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಕೂತೆ. ನನಗೆ ಗೊತ್ತಿರುವ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಅಸಲಿ ಫೋಟೋಗಳು ಹೋಗಿದ್ದವು, ಅದು ಗೊತ್ತಿದ್ದದ್ದೇ. ಆದರೆ ಫೋನು ಪ್ರತಿಯೊಂದು ಫೋಟೋಗೂ ಉಗುರಿನಷ್ಟು ಅಗಲದ ಒಂದು ನಕಲನ್ನು ಬೇರೆ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. ಆ ನಕಲುಗಳನ್ನು ನಾನು ಗುಡಿಸಿರಲಿಲ್ಲ. ಸಾಲುಸಾಲಾಗಿ ಎದ್ದು ಬಂದವು, ತೆಗೆದ ದಿನ ಮತ್ತು ಹೊತ್ತಿನ ಸಮೇತ.

ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂದು ನೋಡಿ ಅದರ ಆಯಸ್ಸು ಹೇಳುವವಳು ನಾನು. ಇದನ್ನು ಓದುವುದು ಕಷ್ಟವಾಗಲಿಲ್ಲ. ಎರಡು ವರ್ಷದ ಹಿಂದೆ ದಿನಕ್ಕೊಂದು ಗುಂಡಿ, ಒಂದು ಬೀಗ. ಕಳೆದ ವರ್ಷ ಎರಡೆರಡು. ಈ ವರ್ಷದ ಒಂದು ಬೆಳಿಗ್ಗೆ ಎಂಟು ಹತ್ತರಿಂದ ಎಂಟು ಹದಿನಾಲ್ಕರ ಒಳಗೆ, ಬಾಗಿಲು ಎಳೆದರೆ ಬೀಳುವ ಅದೇ ಬೀಗದ ಹನ್ನೊಂದು ಫೋಟೋ. ಆ ನಾಲ್ಕು ನಿಮಿಷ ನಾನು ಬಾಗಿಲ ಈಚೆ ಇದೇ ಕುರ್ಚಿಯಲ್ಲಿ ಕೂತು ಯಾರದ್ದೋ ಡಿಸ್‌ಪ್ಲೇ ಬದಲಾಯಿಸುತ್ತಿದ್ದಿರಬೇಕು.

ಪ್ಯಾನಲ್‌ಗಳೂ ಒಂದೇ ಥರ ಇರಲಿಲ್ಲ. ಗುಂಪಿಗೊಂದರಂತೆ ನಾನು ಉಳಿಸಿದ್ದವನ್ನು ದೊಡ್ಡದು ಮಾಡಿ ನೋಡಿದರೆ, ಪ್ರತಿಯೊಂದರ ಮೂಲೆಯಲ್ಲೂ ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ ಇತ್ತು. ಮೊದಲು ಯಾವ ತಂತಿ, ಆಮೇಲೆ ಯಾವುದು, ಹಂತ ಹಂತವಾಗಿ, ನಲವತ್ತು ಕಟ್ಟಡಕ್ಕೂ. ನೆನಪು ಇನ್ನೂ ಕೈಯಲ್ಲಿದ್ದಾಗ ಎಲ್ಲವನ್ನೂ ಬರೆದು ಇಟ್ಟುಕೊಂಡಿದ್ದರು. ಹೆಂಡತಿ ಆರು ವರ್ಷದಿಂದ ಬೀದಿಗೆಲ್ಲ ಬ್ಯಾಕಪ್ ಬ್ಯಾಕಪ್ ಎಂದು ಬಾಯಿ ಬಡಿದುಕೊಳ್ಳುವುದನ್ನು ಕೇಳಿಸಿಕೊಂಡು ಗಂಡ ಸದ್ದಿಲ್ಲದೆ ಮಾಡಿಕೊಂಡ ಬ್ಯಾಕಪ್ ಅದು. ನಾನು ಅದನ್ನು ಕಸ ಎಂದು ಅಳಿಸಿದೆ.

ಕೊನೆಯ ಮೂರು ತಿಂಗಳಲ್ಲಿ ಹೊಸದೊಂದು ಸೇರಿಕೊಂಡಿತ್ತು. ನಮ್ಮ ಬೀದಿಯ ತಿರುವು, ನಮ್ಮ ಮೆಟ್ಟಿಲು, ಹೊರಗಿನಿಂದ ಕಾಣುವ ನಮ್ಮ ಬಾಗಿಲು. ಸಂಜೆ ಆರರ ಹೊತ್ತಿನವು. ಕೆಲಸದಿಂದ ಮನೆಗೆ ಬರುವ ಹೊತ್ತು.

ನನಗೆ ಏನೂ ಅನಿಸಲಿಲ್ಲ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಕಾಲಿನ ಹಾಗೆ ಇತ್ತು. ಎದ್ದು ನೀರು ಕುಡಿದೆ. ಮೇಜಿಗೆ ವಾಪಸ್ ಬಂದು ಟೀಚರ ಕೀಬೋರ್ಡಿಗೆ ಒಂದೊಂದೇ ಕೀಲಿ ಕೂರಿಸಿದೆ. ಅರವತ್ತು ಚಿಲ್ಲರೆ ಕೀಲಿ ಕೂರಿಸಿ ಮುಗಿದರೂ ಏನೂ ಅನಿಸಲಿಲ್ಲ.

ಆಗ ಅವರೇ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಗಿರಾಕಿಗಳು ಕೂರುವ ಕುರ್ಚಿ.

“ಸಿಕ್ತಾ?”

“ಇಷ್ಟಿಷ್ಟೇ ಸಿಕ್ಕಿದೆ” ಎಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ.

ಕನ್ನಡಕ ಹಾಕಿಕೊಂಡು ಒಂದು ಪ್ಯಾನಲನ್ನು ದೊಡ್ಡದು ಮಾಡಿದರು. ಬರೀ ಚೌಕ ಚೌಕವಾಗಿ ಒಡೆದುಹೋಯಿತು. ಇನ್ನೊಂದನ್ನು ಮಾಡಿದರು.

“ಸಂಖ್ಯೆ ಓದಕ್ಕೆ ಬರಲ್ವಲ್ಲ ಕಣೇ.”

“ಬರಲ್ಲ.”

“ಹದಿನಾಲ್ಕು ಮಹಡಿದು ಒಂದು ಸರಿ ಮಾಡ್ಕೊಡು ಸಾಕು. ಸೋಮವಾರದ್ದು. ಅದೊಂದು ಆದ್ರೆ ನಿಭಾಯಿಸ್ತೀನಿ.”

ಆಗುವುದಿಲ್ಲವೆಂದು ಗೊತ್ತಿದ್ದರೂ ನೋಡೋಣ ಎಂದು ಗಿರಾಕಿಗಳನ್ನು ಸಮಾಧಾನಪಡಿಸಿ ಕಳಿಸುವ ಅಭ್ಯಾಸ ನನಗಿದೆ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಮಗು ಎತ್ತಿಕೊಂಡು ನಿಂತ ಆ ತಾಯಿ ಕಣ್ಣ ಮುಂದೆ ಬಂದಳು.

“ಆಗಲ್ಲ ರೀ. ಹೋಗಿದ್ದು ಹೋಯ್ತು, ನಾನೇ ಅಳಿಸಿದ್ದು. ಚೀಟಿ ಬರೀಲಿಲ್ಲ, ಕೇಳಲೂ ಇಲ್ಲ.” ಲ್ಯಾಪ್‌ಟಾಪ್ ಮುಚ್ಚಿದೆ. “ಸಿಕ್ಕಿದ್ರೂ ಕೊಡ್ತಿರಲಿಲ್ಲ. ಸೋಮವಾರ ನೀವು ಹೋಗ್ಬಾರ್ದು.”

ಅವರು ಸಿಟ್ಟು ಮಾಡುತ್ತಾರೆಂದು ಕಾದೆ. ಅವರು ಮೇಜಿನ ಮೇಲಿದ್ದ ಚೀಟಿ ಪುಸ್ತಕವನ್ನು ನನ್ನ ಕಡೆ ಸರಿಸಿದರು.

“ಈಗ ಬರಿ.”

ಕಾರ್ಬನ್ ಹಾಳೆ ಸರಿಯಾಗಿ ಕೂರಿಸಿದೆ. ಹೆಸರು ಬರೆದೆ. “ವಸ್ತು?”

“ನಾನೇ.”

ಹಾಗೇ ಬರೆದೆ. “ಗಿರಾಕಿ ಹೇಳಿದ ದೂರು?”

ಅವರು ತಮ್ಮ ಅಂಗೈ ನೋಡಿಕೊಂಡರು. ನಾನು ಪೆನ್ನು ಹಿಡಿದು ಕಾದೆ.

“ಎರಡು ವರ್ಷದಿಂದ ಮರೆವು. ಜಾಸ್ತಿ ಆಗ್ತಿದೆ. ನಾನೇನೂ ಮಾಡ್ಲಿಲ್ಲ ಕಣೇ,” ಎಂದರು, “ತಾನಾಗೇ ಹಿಂಗಾಯ್ತು.”

ಇಷ್ಟು ವರ್ಷಗಳಲ್ಲಿ ಆ ಮಾತನ್ನು ನಿಜವಾಗಿ ಹೇಳಿದ ಮೊದಲ ಗಿರಾಕಿ ನನ್ನ ಗಂಡ. ಒಂದಕ್ಷರ ಬಿಡದೆ ಬರೆದುಕೊಂಡೆ. ಕೆಳಗಿನ ಗೆರೆ ನಾನು ಕಂಡದ್ದು. ಅಲ್ಲಿ, ಎರಡು ವರ್ಷ ಏನೂ ಕಾಣಲಿಲ್ಲ, ಎಂದು ಬರೆದೆ. ಬ್ಯಾಕಪ್ ಆಗಿದೆಯೇ ಎಂಬುದರ ಮುಂದೆ ಇಲ್ಲ ಎಂದು ಬರೆದೆ. ಸಹಿ ಮಾಡಲು ಪುಸ್ತಕ ಅವರ ಮುಂದಿಟ್ಟರೆ, ಅವರು ಪೆನ್ನಿನ ಬದಲು ಫೋನು ಕೈಗೆತ್ತಿಕೊಂಡು ಜೊತೆಗಾರನಿಗೆ ಕರೆ ಮಾಡಿದರು.

“ಸೋಮವಾರ ನಾನು ಬರಲ್ಲ ಕಣೋ. ಆಮೇಲೂ ಬರಲ್ಲ. ಪ್ಯಾನಲ್ ಕೀಲಿ ಇಲ್ಲೇ ಇದೆ, ಬಂದು ತಗೊಂಡ್ಹೋಗು.” ಆ ಕಡೆಯಿಂದ ಏನೋ ಮಾತು. “ಇಲ್ಲ, ತಲೆಸುತ್ತು ಅಲ್ಲ. ತಲೆಯಲ್ಲಿರೋದೇ ನಿಲ್ತಿಲ್ಲ. ಆಫೀಸಿಗೂ ಅದನ್ನೇ ಹೇಳು, ಮುಚ್ಚಿಡ್ಬೇಡ.”

ಫೋನು ಕೆಳಗಿಟ್ಟು ಸಹಿ ಮಾಡಿದರು. ಸೊಟ್ಟಗಾಗಲಿಲ್ಲ, ಎಂದಿನಂತೆಯೇ ಇತ್ತು. ಆಮೇಲೆ ಚೀಟಿಯ ಮೇಲೆ ಬೆರಳಿಟ್ಟರು.

“ಇದೊಂದು ಬಿಟ್ಟಿದ್ದೀಯ. ವಾಪಸ್ ಕೊಡುವ ದಿನ.”

“ಇದನ್ನ ವಾಪಸ್ ಕೊಡಲ್ಲ” ಎಂದೆ. “ನನ್ನ ಹತ್ರಾನೇ ಇರುತ್ತೆ.”

ಅವರು ಸಣ್ಣಗೆ ನಕ್ಕರು. ಸೋಮವಾರ ಯಾವ ಆಸ್ಪತ್ರೆಗೆ ಹೋಗುವುದು, ಎಷ್ಟು ಹೊತ್ತಿಗೆ ಹೊರಡುವುದು ಎಂದೆಲ್ಲ ಮಾತಾಡಿಕೊಂಡೆವು. ನಿಯಮದಂತೆ ಮೇಲಿನ ಹಾಳೆ ಹರಿದು ಗಿರಾಕಿಗೆ ಕೊಟ್ಟು, ಕಾರ್ಬನ್ ಪ್ರತಿಯನ್ನು ಪುಸ್ತಕದಲ್ಲಿ ಉಳಿಸಿಕೊಂಡೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟು, ಮೇಲಿನಿಂದ ಒಮ್ಮೆ ತಟ್ಟಿ ನೋಡಿಕೊಂಡರು. ನಾನು ಟೀಚರ ಲ್ಯಾಪ್‌ಟಾಪಿನ ಬೆನ್ನು ಮುಚ್ಚಿ ಸ್ಕ್ರೂ ಹಾಕತೊಡಗಿದೆ.

ಏಳನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ಕಾಗದದ ಸದ್ದಾಯಿತು. ಅವರು ಚೀಟಿ ಬಿಚ್ಚಿ ಓದುತ್ತಿದ್ದರು. ಮೊದಲಿನಿಂದ, ನಿಧಾನವಾಗಿ, ಇದೇ ಮೊದಲ ಸಲ ನೋಡುತ್ತಿರುವವರ ಹಾಗೆ. ಖಾಲಿ ಬಿಟ್ಟ ಗೆರೆಗೆ ಬಂದಾಗ ತಲೆಯೆತ್ತಿದರು.

“ಇದೊಂದು ಬಿಟ್ಟಿದ್ದೀಯ” ಎಂದರು.

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಅದೇ ಉತ್ತರವನ್ನು ಇನ್ನೊಂದು ಸಲ ಹೇಳಿದೆ. ಅಳು ಬಂದದ್ದು ಆಗ. ಅವರು ಮೊದಲ ಸಲದಷ್ಟೇ ಸಣ್ಣಗೆ ನಕ್ಕರು.